ಉಪ್ಪುಗುಡ್ಡದ ಹಲ್ಲಿ ಬಣ್ಣದ ಪೇಟೆಗೆ ಬಂದ ಬಗೆ

1854ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಹಲ್ಲಿಯ ವರ್ಣನೆ ಅಚ್ಚಾಯಿತು. ಬರೆದವರು ಸೊಸೈಟಿಯ ಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್. ಹಲ್ಲಿ ಸಿಕ್ಕಿದ್ದು ಪಂಜಾಬಿನ ಸಾಲ್ಟ್ ರೇಂಜ್ ಎಂಬ ಉಪ್ಪುಗುಡ್ಡಗಳ ಸಾಲಿನಲ್ಲಿ, ಅಂದರೆ ಈಗಿನ ಪಾಕಿಸ್ತಾನದಲ್ಲಿ. ಹಳದಿ ಮೈಯ ತುಂಬ ಕಪ್ಪು ಚುಕ್ಕೆ ಹೊತ್ತ ಆ ಪ್ರಾಣಿಯನ್ನು ವಿಜ್ಞಾನಿಗಳು ಇಂದು ಯೂಬ್ಲೆಫ್ಯಾರಿಸ್ ಮ್ಯಾಕುಲೇರಿಯಸ್ ಎನ್ನುತ್ತಾರೆ. ಸಾಕುವವರ ಬಾಯಲ್ಲಿ ಅದು ಲೆಪರ್ಡ್ ಗೆಕ್ಕೊ, ಚಿರತೆ ಹಲ್ಲಿ.

ಮರುವರ್ಷ, 1855ರಲ್ಲಿ, ಬ್ಲೈತ್ ಮತ್ತು ಚಾರ್ಲ್ಸ್ ಡಾರ್ವಿನ್ ನಡುವೆ ಕಾಗದಗಳ ಓಡಾಟ ಶುರುವಾಯಿತು. ಡಾರ್ವಿನ್ನರಿಗೆ ಬೇಕಿದ್ದದ್ದು ಭಾರತದ ಸಾಕುಪ್ರಾಣಿಗಳ ಸುದ್ದಿ. ಇಲ್ಲಿನ ದನ, ಕುದುರೆ, ಕೋಳಿ, ಪಾರಿವಾಳಗಳಲ್ಲಿ ಎಷ್ಟು ಬಗೆಯ ತಳಿಗಳಿವೆ, ಅವು ಮೂಲದ ಕಾಡುಜಾತಿಗಿಂತ ಎಷ್ಟು ದೂರ ಬಂದಿವೆ ಎಂಬುದನ್ನೆಲ್ಲ ಬ್ಲೈತ್ ಪುಟಗಟ್ಟಲೆ ಬರೆದು ಕಳಿಸಿದರು. ನಾಲ್ಕು ವರ್ಷಗಳ ನಂತರ ಹೊರಬಂದ ಡಾರ್ವಿನ್ನರ ಮಹಾಗ್ರಂಥ ತೆರೆದುಕೊಳ್ಳುವುದೇ ಸಾಕುಪ್ರಾಣಿಗಳ ತಳಿವೈವಿಧ್ಯದ ಅಧ್ಯಾಯದಿಂದ. ಮನುಷ್ಯ ತನಗೆ ಇಷ್ಟವಾದ ಮರಿಯನ್ನು ಉಳಿಸಿಕೊಂಡು, ಅದಕ್ಕೆ ಜೋಡಿ ಹುಡುಕಿ, ಪೀಳಿಗೆಯಿಂದ ಪೀಳಿಗೆಗೆ ಪ್ರಾಣಿಯ ರೂಪವನ್ನೇ ಬದಲಿಸಿಬಿಡುತ್ತಾನೆ ಎಂಬ ಮಾತಿಗೆ ಡಾರ್ವಿನ್ ಸಾಕ್ಷಿ ಕೂಡಿಹಾಕುತ್ತಿದ್ದ ಕಾಲ ಅದು. ಆ ಸಾಕ್ಷಿಯಲ್ಲಿ ಒಂದು ಪಾಲನ್ನು ಒದಗಿಸಿದ ಬ್ಲೈತ್ ಆಗಷ್ಟೇ ಹೆಸರಿಟ್ಟಿದ್ದ ಹಲ್ಲಿ, ಒಂದೂಕಾಲು ಶತಮಾನ ಕಳೆದ ಮೇಲೆ ಅದೇ ಬಗೆಯ ಆಯ್ಕೆಗೆ ಸಿಕ್ಕಿತು. ನಾಯಿ, ದನ, ಪಾರಿವಾಳಗಳು ಸಾವಿರಾರು ವರ್ಷಗಳಲ್ಲಿ ಕಂಡ ಬದಲಾವಣೆಯಲ್ಲಿ ಒಂದು ಭಾಗವನ್ನು ಈ ಹಲ್ಲಿ ಐವತ್ತೇ ವರ್ಷಗಳಲ್ಲಿ ಕಂಡಿತು. ಇದನ್ನು ಮಾಡಿದವರಲ್ಲಿ ಬಹಳ ಮಂದಿ ಇನ್ನೂ ನಮ್ಮ ಕಾಲದವರು. ತಳಿ ಆಯ್ಕೆ ಹೇಗೆ ಶುರುವಾಗುತ್ತದೆ, ಎಲ್ಲಿ ಹದ ತಪ್ಪುತ್ತದೆ ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸುವ ಪ್ರಾಣಿಗಳು ಹೆಚ್ಚಿಲ್ಲ.

ಚಿರತೆ ಹಲ್ಲಿಗೂ ನಮ್ಮ ಗೋಡೆಯ ಹಲ್ಲಿಗೂ ನಂಟಿದ್ದರೂ ನಡವಳಿಕೆ ಬೇರೆ. ಗೋಡೆಯ ಹಲ್ಲಿಗೆ ರೆಪ್ಪೆಯಿಲ್ಲ. ಕಣ್ಣನ್ನು ಮುಚ್ಚಿರುವ ಪಾರದರ್ಶಕ ಪೊರೆಯನ್ನು ಅದು ನಾಲಿಗೆಯಿಂದ ನೆಕ್ಕಿ ಚೊಕ್ಕಟ ಮಾಡಿಕೊಳ್ಳುತ್ತದೆ. ಚಿರತೆ ಹಲ್ಲಿಗೆ ರೆಪ್ಪೆಯಿದೆ, ಕಣ್ಣು ಮುಚ್ಚಿ ನಿದ್ದೆ ಹೋಗುತ್ತದೆ. ಬೆರಳಡಿಯಲ್ಲಿ ಅಂಟಿಕೊಳ್ಳುವ ಪಟ್ಟಿಗಳಿಲ್ಲ, ಹಾಗಾಗಿ ಗಾಜನ್ನಾಗಲಿ ನುಣುಪಾದ ಪ್ಲಾಸ್ಟಿಕ್ಕನ್ನಾಗಲಿ ಹತ್ತಲಾರದು. ಬಾಲ ಮಾತ್ರ ಮೂಲಂಗಿಯಂತೆ ದಪ್ಪ. ಮಳೆಯಿಲ್ಲದ, ಹುಳು ಸಿಗದ ತಿಂಗಳುಗಳಿಗೆಂದು ಕೊಬ್ಬು ಕೂಡಿಡುವ ಜಾಗ ಅದು. ಅಫ್ಘಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತದ ಕಲ್ಲುಗುಡ್ಡಗಳಲ್ಲಿ ಹಗಲೆಲ್ಲ ಬಂಡೆಯ ಸಂದಿಯಲ್ಲಿದ್ದು, ಕತ್ತಲಾದ ಮೇಲೆ ಹೊರಬಂದು ಹುಳುಹುಪ್ಪಟೆ ಹಿಡಿಯುತ್ತದೆ. ಕಚ್ಚಿದರೆ ಸಾವೇ ಗತಿ ಎಂಬ ಭಯ ಅದು ಇರುವ ಸೀಮೆಯಲ್ಲಿ ಇಂದಿಗೂ ಉಂಟು. ವಿಷದ ಒಂದು ಹನಿಯೂ ಇಲ್ಲದ ಪ್ರಾಣಿ ಈ ಭಯದ ದೆಸೆಯಿಂದ ಕಲ್ಲೇಟಿಗೆ ಸಾಯುತ್ತಲೇ ಇದೆ.

ಈ ಮೈಕಟ್ಟೇ ಅದನ್ನು ಸಾಕುವವರ ಮನೆಗೆ ತಂದಿತು ಎಂದರೆ ತಪ್ಪಿಲ್ಲ. ಗೋಡೆ ಹತ್ತದ ಪ್ರಾಣಿಗೆ ಅಗ್ಗದ ಪ್ಲಾಸ್ಟಿಕ್ ಡಬ್ಬಿ ಸಾಕು. ಒಣಭೂಮಿಯದ್ದಾದ್ದರಿಂದ ಕಾಡಿನ ತೇವವನ್ನು ಕೃತಕವಾಗಿ ಕಟ್ಟಿಕೊಡಬೇಕಿಲ್ಲ. ಅಡಗಲು ಒಂದು ಒದ್ದೆ ಗೂಡಿದ್ದರೆ ಪೊರೆ ಕಳಚುವುದಕ್ಕೂ ಮೊಟ್ಟೆಯಿಡುವುದಕ್ಕೂ ಆಯಿತು. ಹೆಣ್ಣು ಒಂದು ಸಲಕ್ಕೆ ಇಡುವುದು ಎರಡೇ ಮೊಟ್ಟೆ, ಆದರೆ ಒಂದೇ ಋತುವಿನಲ್ಲಿ ಹಲವು ಸಲ ಇಡುತ್ತದೆ. ಗಂಡಿನ ವೀರ್ಯವನ್ನು ಒಡಲಲ್ಲಿ ಕಾದಿಟ್ಟುಕೊಳ್ಳುವ ಶಕ್ತಿಯೂ ಅದಕ್ಕಿದೆ, ಒಂದು ಕೂಡುವಿಕೆಯಿಂದ ಹಲವು ಜೋಡಿ ಮೊಟ್ಟೆ ಬರುತ್ತವೆ. ಮರಿ ಒಂದು ವರ್ಷ ಆಗುವಷ್ಟರಲ್ಲಿ ಬೆಳೆದು ನಿಲ್ಲುತ್ತದೆ. ತಳಿ ಆಯ್ಕೆಗೆ ಬೇಕಾದ್ದು ಬೇಗ ಬರುವ ಪೀಳಿಗೆ ಮತ್ತು ಸಾಕಷ್ಟು ಮರಿ, ಎರಡೂ ಇಲ್ಲಿದ್ದವು.

ಬ್ಲೈತರ ನಂತರ ಸುಮಾರು ನೂರು ವರ್ಷ ಈ ಹಲ್ಲಿ ಸಂಗ್ರಹಾಲಯದ ಸೀಸೆಗಳಲ್ಲೇ ಉಳಿಯಿತು. 1935ರಲ್ಲಿ ಮಾಲ್ಕಂ ಸ್ಮಿತ್ ಬ್ರಿಟಿಷ್ ಇಂಡಿಯಾದ ಹಲ್ಲಿಗಳ ಕುರಿತ ದೊಡ್ಡ ಸಂಪುಟದಲ್ಲಿ ಅದಕ್ಕೂ ಜಾಗ ಕೊಟ್ಟರು. 1950ರ ದಶಕದ ಕೊನೆಯಲ್ಲಿ ಕರಾಚಿಗೆ ಬಂದು ಕೆಲವು ವರ್ಷ ನೆಲೆಸಿದ ಅಮೆರಿಕದ ವೈದ್ಯ ಶರ್ಮನ್ ಮಿಂಟನ್ ಅಲ್ಲಿನ ಹಾವು, ಹಲ್ಲಿಗಳನ್ನು ಶ್ರದ್ಧೆಯಿಂದ ಅಧ್ಯಯನ ಮಾಡಿ 1966ರಲ್ಲಿ ಪ್ರಕಟಿಸಿದರು. ಅದೇ ಹೊತ್ತಿಗೆ ಪಾಕಿಸ್ತಾನದಿಂದ ಜೀವಂತ ಹಲ್ಲಿಗಳು ಅಮೆರಿಕ, ಯೂರೋಪಿನ ಪ್ರಾಣಿ ವ್ಯಾಪಾರಿಗಳಿಗೆ ಹೋಗತೊಡಗಿದ್ದವು. ಇಂದು ಜಗತ್ತಿನ ಸಾಕುಮನೆಗಳಲ್ಲಿರುವ ಚಿರತೆ ಹಲ್ಲಿಗಳ ಹಿರೀಕರು ಆಗ ಪೆಟ್ಟಿಗೆ ತುಂಬಿ ಬಂದವರು. ಯಾವ ಗುಡ್ಡದ್ದು, ಯಾವ ಕಣಿವೆಯದ್ದು ಎಂದು ಯಾರೂ ಬರೆದಿಡಲಿಲ್ಲ. ಬೇರೆ ಬೇರೆ ಸೀಮೆಯ ಹಲ್ಲಿಗಳು ಒಂದೇ ಡಬ್ಬಿಯಲ್ಲಿ ಕೂಡಿ ಮೊಟ್ಟೆಯಿಟ್ಟವು. ಈ ಕಸುಬಿನ ಮೊದಲ ದೊಡ್ಡ ಲೋಪ ಅದೇ. ಆಗ ಕಳೆದುಹೋದ ಊರಿನ ಗುರುತು ಮತ್ತೆ ಸಿಗಲಿಲ್ಲ. ಹೀಗಾಗಿ ಸಾಕುಹಲ್ಲಿಗಳ ಸಂಖ್ಯೆ ಎಷ್ಟೇ ಬೆಳೆದರೂ, ಕಾಡಿನ ಯಾವುದೋ ಒಂದು ಕಣಿವೆಯಲ್ಲಿ ಅಳಿದುಹೋದ ಗುಂಪನ್ನು ಅವುಗಳಿಂದ ಮರಳಿ ಕಟ್ಟಲಾಗದು.

ಸರೀಸೃಪಗಳಲ್ಲಿ ಬಣ್ಣ ಹೇಗೆ ಇಳಿದುಬರುತ್ತದೆ ಎಂಬ ಪಾಠ ಶುರುವಾದದ್ದು ಹಲ್ಲಿಯಿಂದಲ್ಲ, ಹಾವಿನಿಂದ. 1953ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಒಂದು ಆಲ್ಬಿನೋ, ಅಂದರೆ ಕಪ್ಪು ಬಣ್ಣವಿಲ್ಲದ, ಕಾರ್ನ್ ಹಾವು ಸಿಕ್ಕಿತು. ಚರ್ಮರೋಗ ವೈದ್ಯ ಬರ್ನಾರ್ಡ್ ಬೆಕ್ಟೆಲ್ ಮತ್ತು ಅವರ ಪತ್ನಿ ಎಲಿಜಬೆತ್ ಅದನ್ನು ಸಾಮಾನ್ಯ ಬಣ್ಣದ ಹಾವಿನೊಂದಿಗೆ ಕೂಡಿಸಿದರು. ಮೊದಲ ಪೀಳಿಗೆಯಲ್ಲಿ ಎಲ್ಲ ಮರಿಗಳೂ ಮಾಮೂಲಿ ಬಣ್ಣದವು. ಆ ಮರಿಗಳು ಬೆಳೆದು ಕೂಡಿದಾಗ ಬಿಳಿಚು ಬಣ್ಣ ಮತ್ತೆ ತಲೆಯೆತ್ತಿತು. 1962ರಲ್ಲಿ ದಂಪತಿ ಇದನ್ನು ಪ್ರಕಟಿಸಿದರು. ಮೆಂಡೆಲ್ ಬಟಾಣಿಯಲ್ಲಿ ಕಂಡ ಲೆಕ್ಕ ಹಾವಿನ ಮೈಬಣ್ಣದಲ್ಲೂ ತಪ್ಪದೆ ನಡೆಯುತ್ತದೆ ಎಂದು ಹವ್ಯಾಸಿಗಳಿಗೆ ಗಟ್ಟಿಯಾಗಿ ತಿಳಿದದ್ದು ಆಗ. ಮಾಮೂಲಿ ಕಾಣುವ ಪ್ರಾಣಿಯೂ ಒಳಗೆ ಬೇರೆ ಬಣ್ಣದ ಜೀನ್ ಹೊತ್ತಿರಬಹುದು. ಇಂಥ ಪ್ರಾಣಿಯನ್ನು ಸಾಕುವವರು ಚುಟುಕಾಗಿ ‘ಹೆಟ್’ ಎನ್ನುತ್ತಾರೆ. ಮುಂದೆ ಹಲ್ಲಿಪೇಟೆಯಲ್ಲಿ ಹಣ ಓಡಾಡಿದ್ದು ಬಹುಪಾಲು ಈ ಹೆಟ್‌ಗಳ ಲೆಕ್ಕದ ಮೇಲೆ.

ಹಲ್ಲಿಯ ವಿಷಯದಲ್ಲಿ ಇನ್ನೊಂದು ಬೀಗ ತೆರೆಯಬೇಕಿತ್ತು. ಅದು ಗಂಡು ಹೆಣ್ಣಿನದು.

1966ರಲ್ಲಿ ಸೆನೆಗಲ್‌ನ ಡಕಾರ್‌ನಲ್ಲಿ ಮ್ಯಾಡಲೀನ್ ಶಾರ್ನಿಯೆ ಎಂಬ ಫ್ರೆಂಚ್ ಜೀವವಿಜ್ಞಾನಿ ಅಗಾಮಾ ಎಂಬ ಓತಿಯ ಮೊಟ್ಟೆಗಳನ್ನು ಬೇರೆ ಬೇರೆ ಬಿಸಿಯಲ್ಲಿ ಕಾವಿಗಿಟ್ಟು, ಬಿಸಿ ಬದಲಾದರೆ ಮರಿಗಳ ಲಿಂಗವೂ ಬದಲಾಗುವುದನ್ನು ಕಂಡರು. ಚಿರತೆ ಹಲ್ಲಿಯಲ್ಲೂ ಹೀಗೇ ಆಗುತ್ತದೆ ಎಂದು 1980ರಲ್ಲಿ ಅಮೆರಿಕದ ಅರ್ನೀ ವಾಗ್ನರ್ ತೋರಿಸಿದರು. 1993ರಲ್ಲಿ ಬ್ರಯಾನ್ ವೀಟ್ಸ್ ಮತ್ತು ಸಂಗಡಿಗರು ಇದನ್ನು ಅಂಕಿಗಳಲ್ಲಿ ಬಿಡಿಸಿಟ್ಟರು. 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾವು ಪಡೆದ ಮೊಟ್ಟೆಗಳಿಂದ ಬರುವುದೆಲ್ಲ ಹೆಣ್ಣು. 30 ಡಿಗ್ರಿಯಲ್ಲಿ ಹೆಣ್ಣು ಹೆಚ್ಚು, ಗಂಡು ಸ್ವಲ್ಪ. 32.5 ಡಿಗ್ರಿಗೆ ಬಂದರೆ ಗಂಡಿನದೇ ಮೇಲುಗೈ. ಅಲ್ಲಿಂದ 34, 35ಕ್ಕೆ ಏರಿಸಿದರೆ ಅಚ್ಚರಿಯಂತೆ ಮತ್ತೆ ಹೆಣ್ಣು. ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕ್ರ್ಯೂಸ್ ಮತ್ತು ತಂಡ ಇನ್ನೂ ಮುಂದೆ ಹೋಗಿ, ಮೊಟ್ಟೆಯಲ್ಲಿದ್ದಾಗ ಸಿಕ್ಕ ಬಿಸಿ ಪ್ರಾಣಿಯ ಸ್ವಭಾವವನ್ನೂ ತಿದ್ದುತ್ತದೆ ಎಂದು ಕಂಡುಕೊಂಡಿತು. ಗಂಡು ಹುಟ್ಟುವ ಬಿಸಿಯಲ್ಲಿ ಹುಟ್ಟಿದ ಹೆಣ್ಣುಗಳು ತಣ್ಣನೆಯ ಕಾವಿನ ಹೆಣ್ಣುಗಳಿಗಿಂತ ಜಗಳಗಂಟಿಯರು.

ಈ ತಿಳಿವಳಿಕೆ ಕಸುಬಿನ ಚಹರೆಯನ್ನೇ ಬದಲಿಸಿತು. ದನ ಸಾಕುವವನಿಗೆ ಹೆಣ್ಣುಕರುವೇ ಬೇಕೆಂದು ಕೂಗಿ ಪಡೆಯಲಾಗದು. ಹಲ್ಲಿ ಸಾಕುವವನು ಥರ್ಮೋಸ್ಟಾಟಿನ ಗುಂಡಿ ತಿರುಗಿಸಿ ಹೆಣ್ಣುಗಳನ್ನೇ ಪಡೆಯಬಹುದಿತ್ತು. ಒಳ್ಳೆಯ ಗಂಡೊಂದು, ಅದಕ್ಕೆ ನಾಲ್ಕಾರು ಹೆಣ್ಣು ಎಂಬ ಏರ್ಪಾಡು ಹೀಗೆ ಸುಲಭವಾಯಿತು. ಅದರ ಬೆನ್ನಿಗೇ ಒಳಕೂಡುವಿಕೆಯೂ ಬಂತು. ಒಂದು ಇಡೀ ತಳಿ ಒಂದೇ ಗಂಡಿನ ರಕ್ತದ ಮೇಲೆ ನಿಲ್ಲುವುದು ಮಾಮೂಲಾಯಿತು.

ಮೊಟ್ಟೆ ಸಂಭಾಳಿಸುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಸಾಕುವವರು ಹೆಣ್ಣಿನ ಡಬ್ಬಿಯೊಳಗೆ ಒದ್ದೆ ಪಾಚಿಯೋ ವರ್ಮಿಕ್ಯುಲೈಟೋ ತುಂಬಿದ ಪುಟ್ಟ ಗೂಡು ಇಟ್ಟಿರುತ್ತಾರೆ. ದಿನ ಹತ್ತಿರ ಬಂದಾಗ ಹೆಣ್ಣಿನ ಹೊಟ್ಟೆಯ ತೆಳು ಚರ್ಮದಡಿ ಎರಡು ಬಿಳಿಯ ಉಬ್ಬು ಅಕ್ಕಪಕ್ಕ ಕಾಣುತ್ತವೆ. ಒಂದು ಬೆಳಗ್ಗೆ ಗೂಡಿನ ಮುಚ್ಚಳ ತೆಗೆದರೆ ತೇವದ ನಡುವೆ ಹೂತಿಟ್ಟ ಎರಡು ಉದ್ದುದ್ದ ಮೊಟ್ಟೆ. ಗೋಡೆಹಲ್ಲಿಯ ಮೊಟ್ಟೆಯಂತೆ ಗಟ್ಟಿ ಚಿಪ್ಪಿಲ್ಲ, ತೊಗಲಿನಂತೆ ಬಾಗುತ್ತವೆ. ಎತ್ತುವ ಮೊದಲೇ ಮೇಲ್ಭಾಗಕ್ಕೆ ಪೆನ್ಸಿಲಿನಿಂದ ಒಂದು ಚುಕ್ಕಿ ಇಡುತ್ತಾರೆ, ಏಕೆಂದರೆ ಭ್ರೂಣ ಒಂದು ಕಡೆ ಅಂಟಿಕೊಂಡ ಮೇಲೆ ಮೊಟ್ಟೆ ಉರುಳಿದರೆ ಸಾಯಬಹುದು. ಕತ್ತಲಲ್ಲಿ ಸಣ್ಣ ಟಾರ್ಚ್ ಹಿಡಿದು ನೋಡಿದರೆ, ಫಲಿತ ಮೊಟ್ಟೆಯಲ್ಲಿ ಗುಲಾಬಿ ಬಣ್ಣ, ನಡುವೆ ಕೆಂಪು ನರಗಳ ಬಳೆ, ಫಲಿಸದ್ದು ಹಳದಿ. ಆಮೇಲೆ ಡಬ್ಬಿಯ ಮೇಲೆ ತಾಯಿ, ತಂದೆ, ತಾರೀಕು, ಬಿಸಿ ಬರೆದು ಕಾವುಪೆಟ್ಟಿಗೆಗೆ. ತಣ್ಣನೆಯ ಕಾವಾದರೆ ಎರಡು ತಿಂಗಳು ದಾಟುತ್ತದೆ, ಬಿಸಿಯಾದರೆ ಅದಕ್ಕಿಂತ ಸಾಕಷ್ಟು ಮೊದಲೇ ಮರಿ ಬರುತ್ತದೆ. ಹೊರಬಂದ ಮಾಮೂಲಿ ಮರಿಗೆ ಚುಕ್ಕೆಯೇ ಇರುವುದಿಲ್ಲ, ಅಡ್ಡಕ್ಕೆ ಕಪ್ಪು ಹಳದಿ ಪಟ್ಟೆ. ಆ ಪಟ್ಟೆಗಳು ತಿಂಗಳುಗಟ್ಟಲೆ ಒಡೆದು ಚುಕ್ಕೆಗಳಾಗುತ್ತವೆ. ಮರಿಯ ಬಣ್ಣ ನೋಡಿ ಯಾವುದನ್ನು ಉಳಿಸಿಕೊಳ್ಳಬೇಕೆಂದು ತಕ್ಷಣ ತೀರ್ಮಾನಿಸುವಂತಿಲ್ಲ, ಬೆಳೆಯುವವರೆಗೂ ಕಾಯಬೇಕು.

ಮೊದಮೊದಲ ಆಯ್ಕೆ ನಡೆದದ್ದು ಹಳದಿಗಾಗಿ. ಯಾವ ಗುಂಪಿನಲ್ಲೂ ಚುಕ್ಕೆ ಕಡಿಮೆಯಿದ್ದು ಹಳದಿ ಹೆಚ್ಚಿರುವ ಒಂದೆರಡು ಹಲ್ಲಿ ಇದ್ದೇ ಇರುತ್ತವೆ. ಅಂಥವನ್ನು ಅಂಥವುಗಳೊಂದಿಗೇ ಕೂಡಿಸುತ್ತ ಹೋದಾಗ ‘ಹೈ ಯೆಲ್ಲೊ’ ಬಂತು. ಅದರಲ್ಲಿ ಕಿತ್ತಳೆ ಛಾಯೆಯ ಮರಿಗಳನ್ನು ಆರಿಸಿದಾಗ ‘ಟ್ಯಾಂಜರೀನ್’. ಬಾಲದ ಬುಡದಿಂದ ಕಿತ್ತಳೆ ಏರಿಬಂದದ್ದಕ್ಕೆ ‘ಕ್ಯಾರೆಟ್ ಟೇಲ್’. ಇಲ್ಲಿ ಕೆಲಸ ಮಾಡುವುದು ಒಂದೇ ಜೀನ್ ಅಲ್ಲ, ಹಲವಾರು ಜೀನ್‌ಗಳು ಸೇರಿ ಬಣ್ಣ ಏರಿಸುತ್ತವೆ. ಅದಕ್ಕೇ ಕಿತ್ತಳೆ ಹಲ್ಲಿಯನ್ನು ಮಾಮೂಲಿ ಹಲ್ಲಿಯೊಂದಿಗೆ ಕೂಡಿಸಿದರೆ ಮರಿಗಳು ನಡುವಿನ ಬಣ್ಣಕ್ಕೆ ಇಳಿಯುತ್ತವೆ. ಹತ್ತು ವರ್ಷದ ಕೆಲಸ ಒಂದು ಜೋಡಿಯಲ್ಲಿ ಹಿಂದೆ ಸರಿಯುತ್ತದೆ. ನೆದರ್ಲೆಂಡ್ಸ್‌ನ ಫೆರ್ರಿ ಜುರ್ಮಂಡ್ ಇದೇ ದಾರಿಯಲ್ಲಿ ಕಪ್ಪಿನ ಕಡೆಗೆ ನಡೆದರು. ಬಣ್ಣ ಗಾಢವಾದ ಹಲ್ಲಿಗಳನ್ನಷ್ಟೇ ಆರಿಸುತ್ತ ವರ್ಷಗಟ್ಟಲೆ ದುಡಿದು ‘ಬ್ಲ್ಯಾಕ್ ನೈಟ್’ ಎಂಬ ಕಡುಗಪ್ಪು ತಳಿಯನ್ನು ಪಡೆದರು. ಈ ಕಸುಬಿನಲ್ಲಿ ನಿಜವಾದ ಕೈಚಳಕ ಕಾಣುವುದು ಇಂಥ ನಿಧಾನದ ಕೆಲಸದಲ್ಲಿಯೇ.

ಕಾವಿನ ಬಿಸಿ ಇಲ್ಲೂ ಕಣ್ಣಿಗೆ ಮಣ್ಣೆರಚುತ್ತದೆ. ಬಿಸಿ ಹೆಚ್ಚಾದರೆ ಮರಿಯ ಬಣ್ಣ ತಿಳಿಯಾಗುತ್ತದೆ, ಕಡಿಮೆಯಾದರೆ ಕಪ್ಪೇರುತ್ತದೆ. ತಣ್ಣಗೆ ಕಾವು ಕೊಟ್ಟ ಆಲ್ಬಿನೋ ಮರಿಗಳು ಚಾಕೊಲೇಟ್ ಬಣ್ಣಕ್ಕೆ ತಿರುಗುವುದುಂಟು. ಹೀಗೆ ಬಂದ ಹೊಳಪು ಮಕ್ಕಳಿಗೆ ಇಳಿಯುವುದಿಲ್ಲ. ಕಾವಿನ ಬಿಸಿಯನ್ನು ದಾಖಲಿಸದೆ ಬರೀ ಬಣ್ಣ ನೋಡಿ ಆರಿಸಿದವನು ಇಲ್ಲದ ಗುಣವನ್ನು ಬೆನ್ನಟ್ಟುತ್ತಿರುತ್ತಾನೆ.

1991ರಲ್ಲಿ ಅಮೆರಿಕದ ಪ್ಯಾಟ್ ಮರ್ಫಿ ಅವರ ಸಂಗ್ರಹದಿಂದ ಚುಕ್ಕೆಯೇ ಇಲ್ಲದ ಹಲ್ಲಿ ಬೆಳಕಿಗೆ ಬಂತು. ಮೊದಲಿಗೆ ಅದನ್ನು ತಪ್ಪಾಗಿ ‘ಲ್ಯೂಸಿಸ್ಟಿಕ್’, ಅಂದರೆ ಬಣ್ಣಗಳಿಲ್ಲದೆ ಬಿಳಿಚಿದ್ದು, ಎಂದು ಕರೆದರು, ಆಮೇಲೆ ‘ಮರ್ಫಿ ಪ್ಯಾಟರ್ನ್‌ಲೆಸ್’ ಎಂಬ ಹೆಸರು ನಿಂತಿತು. ಇದು ಒಂದೇ ಜೀನಿನ ಆಟ. ತಾಯಿ ತಂದೆ ಇಬ್ಬರಿಂದಲೂ ಪ್ರತಿ ಸಿಕ್ಕರೆ ಮಾತ್ರ ಕಾಣುತ್ತದೆ. ಇಂಥ ಗುಣವಿರುವ ಪ್ರಾಣಿ ಲೋಕದಲ್ಲಿ ಒಂದೇ ಒಂದು ಇದ್ದಾಗ ಏನು ಮಾಡುವುದು? ಅದನ್ನು ಮಾಮೂಲಿ ಹಲ್ಲಿಗೆ ಕೂಡಿಸಿ, ಬಂದ ಹೆಣ್ಣುಮರಿಗಳನ್ನು ಬೆಳೆಸಿ, ಅವನ್ನೇ ಮತ್ತೆ ತಂದೆಯೊಂದಿಗೆ ಕೂಡಿಸಬೇಕು. ಆಗ ಮರಿಗಳಲ್ಲಿ ಅರ್ಧದಷ್ಟು ಚುಕ್ಕೆಯಿಲ್ಲದವು ಬರುತ್ತವೆ. ಹೊಸ ಬಣ್ಣಗಳಲ್ಲಿ ಬಹುಪಾಲು ಈ ದಾರಿಯಲ್ಲೇ ಹುಟ್ಟಿದವು. ಬಣ್ಣದ ಜೀನ್ ಜೊತೆಗೆ ಆ ಒಂದು ಪ್ರಾಣಿಯ ಮೈಯಲ್ಲಿ ಅಡಗಿದ್ದ ಕುಂದುಗಳೂ ಇಮ್ಮಡಿಯಾಗಿ ಇಳಿದುಬರುವ ದಾರಿಯೂ ಇದೇ. ಒಳ್ಳೆಯ ಸಾಕಣೆದಾರರು ಬಣ್ಣ ಕೈಗೆ ಸಿಕ್ಕೊಡನೆ ನಂಟಿಲ್ಲದ ಗಟ್ಟಿ ಹಲ್ಲಿಗಳೊಂದಿಗೆ ಮತ್ತೆ ಮತ್ತೆ ಬೆರೆಸಿದರು. ಅವಸರದವರು ಬೆರೆಸಲಿಲ್ಲ.

1996ರಲ್ಲಿ ರಾನ್ ಟ್ರೆಂಪರ್ ಮೊದಲ ಆಲ್ಬಿನೋ ಚಿರತೆ ಹಲ್ಲಿಯನ್ನು ಪ್ರಪಂಚಕ್ಕೆ ತೋರಿಸಿದರು. ಎರಡು ವರ್ಷಕ್ಕೆ ಲಾಸ್ ವೇಗಾಸ್‌ನ ಟಿಮ್ ರೈನ್‌ವಾಟರ್ ಅವರಲ್ಲಿ ಇನ್ನೊಂದು ಆಲ್ಬಿನೋ ಕಾಣಿಸಿತು. ಹೆಚ್ಚು ಕಾಲ ಕಳೆಯುವ ಮೊದಲೇ ಫ್ಲಾರಿಡಾದ ಮಾರ್ಕ್ ಬೆಲ್ ಅವರಲ್ಲಿ ಮೂರನೆಯದು. ಮೂರಕ್ಕೂ ಕಪ್ಪು ಬಣ್ಣವಿಲ್ಲ, ಮೂರೂ ಗುಪ್ತ ಗುಣಗಳೇ. ಸಹಜವಾಗಿ ಜನ ಅವನ್ನು ಒಂದೇ ಎಂದುಕೊಂಡು ಒಂದರ ಜೊತೆ ಇನ್ನೊಂದನ್ನು ಕೂಡಿಸಿದರು. ಮೊಟ್ಟೆಯೊಡೆದು ಬಂದ ಮರಿಗಳೆಲ್ಲ ಮಾಮೂಲಿ, ಕಪ್ಪು ಪಟ್ಟೆಯವು! ಆಲ್ಬಿನೋ ತಾಯಿಗೂ ಆಲ್ಬಿನೋ ತಂದೆಗೂ ಕಪ್ಪು ಪಟ್ಟೆಯ ಮಕ್ಕಳು ಹುಟ್ಟಬೇಕಾದರೆ ಕಾರಣ ಒಂದೇ: ಮೂರು ತಳಿಗಳಲ್ಲಿ ಕೆಟ್ಟಿರುವುದು ಮೂರು ಬೇರೆ ಬೇರೆ ಜೀನ್. ಟ್ರೆಂಪರ್ ತಳಿಯಲ್ಲಿ ಕೆಟ್ಟ ಜೀನ್ ಬೆಲ್ ತಳಿಯಲ್ಲಿ ಸರಿಯಿದೆ, ಬೆಲ್ ತಳಿಯಲ್ಲಿ ಕೆಟ್ಟದ್ದು ಟ್ರೆಂಪರ್ ತಳಿಯಲ್ಲಿ ಸರಿಯಿದೆ. ಮರಿಗೆ ಎರಡರಲ್ಲೂ ಒಂದೊಂದು ಒಳ್ಳೆಯ ಪ್ರತಿ ಸಿಕ್ಕಿ ಕಪ್ಪು ಬಣ್ಣ ಮರಳುತ್ತದೆ. ಪ್ರಯೋಗಶಾಲೆಯಲ್ಲಿ ವಿಜ್ಞಾನಿಗಳು ಮಾಡುವ ಪರೀಕ್ಷೆಯನ್ನು ಹವ್ಯಾಸಿಗಳು ಮನೆಯ ಕೋಣೆಯಲ್ಲಿ ಅರಿವಿಲ್ಲದೆಯೇ ಮಾಡಿದ್ದರು. ಕಷ್ಟ ಬಂದದ್ದು ಆಮೇಲೆ. ಆ ಮಾಮೂಲಿ ಮರಿಗಳು ಎರಡೂ ಜೀನ್ ಹೊತ್ತು ಪೇಟೆಗೆ ಹೋದರೆ, ಮುಂದೆ ಎರಡು ತಲೆಮಾರಿನ ನಂತರ ಹುಟ್ಟುವ ಆಲ್ಬಿನೋ ಯಾವ ತಳಿಯದೆಂದು ಹೇಳುವವರು ಯಾರು? ಅಂದಿನಿಂದ ಆಲ್ಬಿನೋ ತಳಿಗಳನ್ನು ಬೆರೆಸಬಾರದೆಂಬುದು ಬರೆಯದ ಕಟ್ಟಳೆಯಾಯಿತು.

1998ರಲ್ಲಿ ಫಿಲಿಪ್ ದ ವೊಸ್ಜೋಲಿ, ಪಶುವೈದ್ಯ ರೋಜರ್ ಕ್ಲಿಂಗನ್‌ಬರ್ಗ್, ಟ್ರೆಂಪರ್ ಮತ್ತು ವೀಟ್ಸ್ ಸೇರಿ ಚಿರತೆ ಹಲ್ಲಿ ಸಾಕುವವರಿಗೊಂದು ಕೈಪಿಡಿ ತಂದರು. ಹವ್ಯಾಸಿ, ವೈದ್ಯ, ವ್ಯಾಪಾರಿ, ವಿಜ್ಞಾನಿ ಒಂದೇ ಪುಸ್ತಕಕ್ಕೆ ಕೈಹಾಕಿದ್ದು ಆ ಕಾಲದ ಉತ್ಸಾಹಕ್ಕೆ ಸಾಕ್ಷಿ. ಮುಂದಿನ ಹತ್ತು ವರ್ಷ ಹೊಸ ಬಣ್ಣಗಳ, ಸಾಕುವವರ ಮಾತಿನಲ್ಲಿ ‘ಮಾರ್ಫ್’ಗಳ, ಸುಗ್ಗಿ. ಮ್ಯಾಕ್ ದಂಪತಿಯ ಹೆಸರು ಹೊತ್ತ ‘ಮ್ಯಾಕ್ ಸ್ನೋ’ ಒಂದು ಪ್ರತಿ ಇದ್ದರೆ ಹಳದಿಯನ್ನು ತಗ್ಗಿಸುತ್ತದೆ. ಎರಡು ಪ್ರತಿ ಸಿಕ್ಕರೆ ಬಿಳಿ ಮೈ, ಕಪ್ಪು ಚುಕ್ಕೆ, ಪೂರ್ತಿ ಕಪ್ಪಾದ ಕಣ್ಣಿನ ‘ಸೂಪರ್ ಸ್ನೋ’. ಟ್ರೆಂಪರ್ ಆಲ್ಬಿನೋ, ಚುಕ್ಕೆರಹಿತ ಕಿತ್ತಳೆ ಮೈ, ಕೆಂಪು ಕಣ್ಣು ಒಟ್ಟುಗೂಡಿ ‘ರ‍್ಯಾಪ್ಟರ್’ ಆಯಿತು. ಹೊಸ ಮಾರ್ಫ್‌ನ ಮೊದಲ ಮರಿಗಳಿಗೆ ಭಾರಿ ಬೆಲೆ, ಕೆಲವೇ ವರ್ಷಗಳಲ್ಲಿ ಅವೇ ಮಕ್ಕಳ ಕೈಗೆಟಕುವ ಬೆಲೆಗೆ. ಬೆಲೆ ಬೀಳುವ ಮೊದಲು ಮಾರಬೇಕೆಂಬ ಒತ್ತಡ ಎಲ್ಲರ ಮೇಲೂ ಇತ್ತು. ಆರೋಗ್ಯ ಪರೀಕ್ಷಿಸಲು ಬೇಕಾದ್ದು ವರ್ಷಗಳು, ಪೇಟೆ ಕೊಡುವುದು ಒಂದೆರಡು ಋತು. ಕೆಡುಕು ಹೊಕ್ಕದ್ದು ಈ ಅಂತರದಲ್ಲಿ.

2006ರ ಹೊತ್ತಿಗೆ ಬಂದ ‘ಎನಿಗ್ಮಾ’ ಎಂಬ ಮಾರ್ಫ್ ಅದಕ್ಕೆ ಮೊದಲ ಕಹಿ ಉದಾಹರಣೆ. ಒಂದು ಪ್ರತಿ ಸಾಕು, ಮೈಮೇಲೆ ಹರಡಿದ ಸೊಗಸಾದ ಚುಕ್ಕಿಗಳು. ಆದರೆ ಆ ಹಲ್ಲಿಗಳಲ್ಲಿ ಹಲವು ತಲೆ ವಾಲಿಸಿಕೊಂಡು ನಡೆಯುತ್ತಿದ್ದವು, ಇದ್ದಲ್ಲೇ ಸುತ್ತುತ್ತಿದ್ದವು, ಮೇಲಕ್ಕೆ ಕತ್ತೆತ್ತಿ ನಿಂತುಬಿಡುತ್ತಿದ್ದವು. ಎದುರಿನ ಹುಳುವಿಗೆ ಬಾಯಿ ಹಾಕಿದರೆ ಗುರಿ ತಪ್ಪುತ್ತಿತ್ತು. ನರಮಂಡಲದ ಈ ತೊಂದರೆ ಬಣ್ಣದ ಜೀನ್ ಜೊತೆಗೇ ಬರುತ್ತದೆ ಎಂದು ಎಲ್ಲರೂ ಒಪ್ಪುವ ಹೊತ್ತಿಗೆ ತಳಿ ಖಂಡಖಂಡಗಳನ್ನು ದಾಟಿತ್ತು. ಗೊತ್ತಾದ ಮೇಲೂ ಎನಿಗ್ಮಾ ಸಾಕಿ ಮಾರಿದವರನ್ನು ಕ್ಷಮಿಸುವುದು ಕಷ್ಟ. ತನ್ನ ಆಹಾರವನ್ನು ನೇರ ಹಿಡಿಯಲಾರದ ಪ್ರಾಣಿಯನ್ನು ಬಣ್ಣಕ್ಕಾಗಿ ಹುಟ್ಟಿಸುವುದು ಸಾಕಣೆಯಲ್ಲ.

ಎರಡನೆಯದು ‘ಲೆಮನ್ ಫ್ರಾಸ್ಟ್’. ಈ ಮಾರ್ಫಿನ ಮೂಲಪುರುಷ ‘ಮಿಸ್ಟರ್ ಫ್ರಾಸ್ಟಿ’ ಎಂಬ ಒಂದು ಗಂಡು. ಕ್ಯಾಲಿಫೋರ್ನಿಯಾದ ಸಾಕಣೆದಾರ ಸ್ಟೀವ್ ಸೈಕ್ಸ್ ಅದನ್ನು ಕೊಂಡು ತಳಿ ಬೆಳೆಸಿದರು. ಹಳದಿಯ ಕೆಳಗೆ ಹಾಲುಬಿಳುಪು, ಬಣ್ಣಕ್ಕೆ ಹಿಂದೆಂದೂ ಕಾಣದ ಹೊಳಪು. ಮರಿಗಳು ಬೆಳೆದಂತೆ ಮೈಮೇಲೆ ಬಿಳಿ ಗಂಟುಗಳು ಎದ್ದವು. ಅವು ಗೆಡ್ಡೆಗಳು. ಹೊಳಪು ಕೊಡುವ ಬಿಳಿಕೋಶಗಳೇ ಅಂಕೆಮೀರಿ ಬೆಳೆದು ಆದವು. ಸೈಕ್ಸ್ ಮಾಡಿದ್ದು ಮೆಚ್ಚಬೇಕಾದ ಕೆಲಸ: ತಮ್ಮಲ್ಲಿದ್ದ ದೊಡ್ಡ ಗುಂಪನ್ನು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರಿಗೆ ತೆರೆದಿಟ್ಟರು. ಲಾಂಗ್‌ಹುವಾ ಗುವೊ, ಲಿಯೊನಿಡ್ ಕ್ರುಗ್ಲ್ಯಾಕ್ ಮತ್ತು ತಂಡ ಆ ಹಲ್ಲಿಗಳ ವಂಶಾವಳಿಯನ್ನೂ ಡಿಎನ್‌ಎಯನ್ನೂ ಜೋಡಿಸಿ ನೋಡಿ 2021ರಲ್ಲಿ ಫಲಿತಾಂಶ ಪ್ರಕಟಿಸಿತು. ಲೇಖಕರ ಪಟ್ಟಿಯಲ್ಲಿ ಸೈಕ್ಸ್ ಹೆಸರೂ ಇದೆ. ಬಣ್ಣ ಹೊತ್ತ ಹಲ್ಲಿಗಳಲ್ಲಿ ಶೇಕಡ 80ಕ್ಕೂ ಹೆಚ್ಚಿನವುಗಳಿಗೆ ಗೆಡ್ಡೆ ಬರುತ್ತದೆ. ಸ್ಪಿಂಟ್1 ಎಂಬ ಜೀನ್ ಕೆಟ್ಟಿರುವುದೇ ಕಾರಣವಿರಬೇಕು ಎಂಬುದು ಅವರ ತೀರ್ಮಾನ; ಮನುಷ್ಯರ ಚರ್ಮದ ಕ್ಯಾನ್ಸರಿನಲ್ಲೂ ಆ ಜೀನಿನ ಹೆಸರು ಕೇಳಿಬರುತ್ತದೆ. ಹಲ್ಲಿಯ ಬಣ್ಣದ ವ್ಯಾಪಾರ ಹೀಗೆ ಕ್ಯಾನ್ಸರ್ ವಿಜ್ಞಾನದ ಬಾಗಿಲು ತಟ್ಟಿತು. ಇದು ಸಾಧ್ಯವಾದದ್ದು ಯಾವ ಮರಿ ಯಾರದ್ದೆಂದು ಬರೆದಿಟ್ಟ ಪುಸ್ತಕ ಇದ್ದುದರಿಂದ.

ಕೆಲವೇ ಪ್ರಾಣಿಗಳಿಂದ ಸಾಕುಮನೆಗಳ ತುಂಬ ಹರಡಿದ ಕಥೆ ಇನ್ನೊಂದು ಗೆಕ್ಕೊಗೂ ಇದೆ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ ಕ್ರೆಸ್ಟೆಡ್ ಗೆಕ್ಕೊವನ್ನು ಗಿಶೆನೊ 1866ರಲ್ಲಿ ವರ್ಣಿಸಿದ್ದರು. ಆಮೇಲೆ ಅದು ಅಳಿದೇಹೋಯಿತೆಂದು ನಂಬಲಾಗಿತ್ತು. 1994ರಲ್ಲಿ ರಾಬರ್ಟ್ ಜೈಪ್ ಮುಂದಾಳುತನದ ತಂಡಕ್ಕೆ ಮತ್ತೆ ಸಿಕ್ಕಿತು. ಆಗ ತಂದ ಕೆಲವೇ ಪ್ರಾಣಿಗಳ ಸಂತತಿ ಇಂದು ಲೋಕದ ತುಂಬ ಸಾಕುಮನೆಗಳಲ್ಲಿದೆ, ತಾಯ್ನೆಲದಲ್ಲಿ ಮಾತ್ರ ಹೊರಗಿನಿಂದ ಬಂದ ಕೆಂಜಿರುವೆಯಂಥ ಶತ್ರುಗಳ ನಡುವೆ ಬದುಕು ದುರ್ಬಲ.

ಭಾರತದಲ್ಲೂ ಚಿರತೆ ಹಲ್ಲಿಯ ನಂಟರಿದ್ದಾರೆ. ಗುಜರಾತ್, ಮಹಾರಾಷ್ಟ್ರದ ಕಡೆ ಒಂದು ಜಾತಿ, ಒಡಿಶಾ, ಬಂಗಾಳದ ಕಡೆ ಇನ್ನೊಂದು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸಂಶೋಧನೆ ನಡೆಸಿದ ಜೀಶಾನ್ ಮಿರ್ಜಾ ಮತ್ತು ಸಂಗಡಿಗರು 2014ರಲ್ಲಿ ಮಧ್ಯಪ್ರದೇಶದ ಸಾತ್ಪುರ ಬೆಟ್ಟಗಳಿಂದ ಹೊಸ ಜಾತಿಯೊಂದನ್ನು ಹೆಸರಿಸಿದರು. 2022ರಲ್ಲಿ ಪೂರ್ವಘಟ್ಟದಿಂದ ಮತ್ತೊಂದು ಸೇರಿತು. ಕಾಡಿನ ಈ ಹಲ್ಲಿಗಳ ಬಗ್ಗೆ ಕಲಿಯಬೇಕಾದ್ದು ಬೆಟ್ಟದಷ್ಟಿದೆ, ಅವನ್ನು ಡಬ್ಬಿಗೆ ತರಬೇಕಾದ ಅಗತ್ಯ ಯಾರಿಗೂ ಇಲ್ಲ. ಸಾಕುಮನೆಯಲ್ಲಿ ಪೀಳಿಗೆಗಟ್ಟಲೆ ಹುಟ್ಟಿದ ಹಲ್ಲಿಗಳೇ ಬೇಕಾದಷ್ಟಿರುವಾಗ ಕಾಡಿನ ಒಂದು ಹಲ್ಲಿಯನ್ನು ಹಿಡಿಯುವುದೂ ಅನ್ಯಾಯ.

ಈ ಐವತ್ತು ವರ್ಷಗಳ ಚರಿತ್ರೆಯಿಂದ ಹೊಸಬರು ತೆಗೆದುಕೊಳ್ಳಬೇಕಾದ್ದು ಬಹಳ ಸರಳ. ಚೆನ್ನಾಗಿ ಬಾಳಿದ ತಳಿಗಳ ಹಿಂದೆ ದಾಖಲೆ ಪುಸ್ತಕ, ದೂರದ ರಕ್ತ ಮತ್ತು ತಾಳ್ಮೆ ಇವೆ. ನರಳಿದ ತಳಿಗಳ ಹಿಂದೆ ಒಂದೇ ಪ್ರಾಣಿಯ ರಕ್ತ ಮತ್ತು ಪೇಟೆಯ ಅವಸರ. ಆರಂಭಿಸುವವರು ಹತ್ತು ಬಗೆಯ ಮಾರ್ಫ್‌ಗಳನ್ನು ಕೂಡಿಹಾಕದೆ, ತಂದೆತಾಯಿ ಗೊತ್ತಿರುವ, ಪರಸ್ಪರ ನಂಟಿಲ್ಲದ ಒಂದು ಜೋಡಿಯಿಂದ ಶುರುಮಾಡಲಿ. ಹೆಣ್ಣಿಗೆ ಒಂದು ವರ್ಷ ತುಂಬಿ, ಬಾಲ ತುಂಬಿಕೊಂಡು, ಮೈ ಗಟ್ಟಿಯಾಗುವವರೆಗೆ ಗಂಡಿನ ಬಳಿ ಬಿಡದಿರಲಿ. ಮೊಟ್ಟೆಯಿಡುವ ಕಾಲದಲ್ಲಿ ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಹೊರಳಿಸಿ ಕೊಡದಿದ್ದರೆ ತಾಯಿ ತನ್ನ ಎಲುಬಿನಿಂದಲೇ ಚಿಪ್ಪು ಕಟ್ಟುತ್ತದೆ. ಎನಿಗ್ಮಾ, ಲೆಮನ್ ಫ್ರಾಸ್ಟ್ ಎಷ್ಟೇ ಚೆಂದ ಕಂಡರೂ ಮನೆಗೆ ತರುವುದೇ ಬೇಡ.

ಇನ್ನೊಂದು ಲೆಕ್ಕವನ್ನು ಗಂಡುಹೆಣ್ಣು ಕೂಡಿಸುವ ಮೊದಲೇ ಮಾಡಬೇಕು. ಒಂದು ಹೆಣ್ಣು ಐದು ಸಲ ಮೊಟ್ಟೆಯಿಟ್ಟರೆ ಹತ್ತು ಮರಿ. ಗಂಡುಗಳು ಬೆಳೆದ ಮೇಲೆ ಒಟ್ಟಿಗಿದ್ದರೆ ಕಚ್ಚಾಡುತ್ತವೆ, ಹತ್ತು ಮರಿಗೆ ಹತ್ತು ಡಬ್ಬಿಯೇ ಬೇಕಾಗಬಹುದು. ಚೆನ್ನಾಗಿ ಸಾಕಿದ ಚಿರತೆ ಹಲ್ಲಿ ಹದಿನೈದರಿಂದ ಇಪ್ಪತ್ತು ವರ್ಷ ಬಾಳುತ್ತದೆ. ಭಾರತದಲ್ಲಿ ಸಾಕುವ ಯೋಚನೆ ಇರುವವರು ಪ್ರಾಣಿ ಎಲ್ಲಿಂದ ಬಂತೆಂಬ ಕಾಗದ ಕೇಳಿ ಪಡೆಯಲಿ, ಅರಣ್ಯ ಇಲಾಖೆಯಲ್ಲಿ ವಿಚಾರಿಸಿ ನಿಯಮ ತಿಳಿದುಕೊಳ್ಳಲಿ. ಹತ್ತೂ ಮರಿಗಳಿಗೆ ನೆಲೆ ಎಲ್ಲಿ ಎಂಬುದು ಗೊತ್ತಾಗುವವರೆಗೆ ಕಾವುಪೆಟ್ಟಿಗೆ ಕೊಳ್ಳಬೇಡಿ.